ಕಬ್ಬಿಣವಿಲ್ಲ, ಎತ್ತಿಲ್ಲ, ಗಾಡಿಯಿಲ್ಲ: ಮಾಯಾ ಜನ ಪಿರಮಿಡ್ ಕಟ್ಟಿದ್ದು ಹೀಗೆ

ಮಕ್ಕಳೇ, ಪಿರಮಿಡ್ ಅಂದ ಕೂಡಲೇ ಈಜಿಪ್ಟಿನ ಮರಳುಗಾಡು ನೆನಪಾಗುತ್ತದೆ. ಆದರೆ ನಿಮ್ಮಿಂದಲೂ ನಿಮ್ಮ ಪ್ರಾಜೆಕ್ಟಿಗೆ ಕೈಜೋಡಿಸುವ ಅಪ್ಪ-ಅಮ್ಮಂದಿರಿಂದಲೂ ಮತ್ತೆ ಮತ್ತೆ ಬರುವ ಪ್ರಶ್ನೆ ಬೇರೆ: ಅಮೆರಿಕ ಖಂಡದ ದಟ್ಟ ಕಾಡಿನೊಳಗೆ ಮೆಟ್ಟಿಲು ಮೆಟ್ಟಿಲಾಗಿ ನಿಂತಿರುವ ಮಾಯಾ ಪಿರಮಿಡ್‌ಗಳನ್ನು ಕಟ್ಟಿದ್ದು ಹೇಗೆ? ಕಬ್ಬಿಣದ ಉಳಿ ಇರಲಿಲ್ಲ. ಎತ್ತು, ಕುದುರೆ, ಆನೆ ಯಾವುದೂ ಇರಲಿಲ್ಲ. ಗಾಡಿಯೂ ಇರಲಿಲ್ಲ. ಹಾಗಾದರೆ 47 ಮೀಟರ್, 65 ಮೀಟರ್ ಎತ್ತರಕ್ಕೆ ಕಲ್ಲು ಏರಿದ್ದು ಹೇಗೆ?

ಉತ್ತರ ಒಂದೇ ಸಾಲಿನದು. ಮಾಯಾ ಪಿರಮಿಡ್ ಎಂದರೆ ಒಳಗೆ ಕಲ್ಲುಚೂರು-ಮಣ್ಣಿನ ಗುಡ್ಡ, ಹೊರಗೆ ಕೆತ್ತಿದ ಕಲ್ಲಿನ ಗೋಡೆ, ಅದರ ಮೇಲೆ ಸುಣ್ಣದ ಗಾರೆಯ ಚರ್ಮ. ಇದಿಷ್ಟು ತಲೆಯಲ್ಲಿದ್ದರೆ ಮುಂದಿನ ಹಂತಗಳೆಲ್ಲ ಸುಲಭ. ಪ್ರಾಜೆಕ್ಟಿನಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ: ಇಡೀ ಪಿರಮಿಡ್ ದೊಡ್ಡ ದೊಡ್ಡ ಕಲ್ಲಿನ ಇಟ್ಟಿಗೆಗಳಿಂದಾದದ್ದು ಎಂದು ಬರೆದುಬಿಡುತ್ತಾರೆ.

ಶುರು ಮಾಡುವ ಮೊದಲು

ಮಾಯಾ ಜನರ ನಾಡು ಇಂದಿನ ದಕ್ಷಿಣ ಮೆಕ್ಸಿಕೊ, ಗ್ವಾಟೆಮಾಲಾ, ಬೆಲೀಜ್, ಹೊಂಡುರಾಸ್ ಮತ್ತು ಎಲ್ ಸಾಲ್ವಡಾರ್‌ನ ಪಶ್ಚಿಮ ಭಾಗ. ಅಲ್ಲಿನ ದೊಡ್ಡ ನಗರಗಳು ಮೆರೆದದ್ದು ಹೆಚ್ಚಾಗಿ ಕ್ರಿ.ಶ. 250ರಿಂದ 900ರವರೆಗೆ. ಆದರೆ ಎಲ್ ಮಿರಾಡೋರ್ ಎಂಬ ಊರಿನಲ್ಲಿ ಕ್ರಿಸ್ತನಿಗಿಂತ ಮುಂಚೆಯೇ ಸುಮಾರು 72 ಮೀಟರ್ ಎತ್ತರದ ‘ಲಾ ದಾಂತಾ’ ಪಿರಮಿಡ್ ಎದ್ದು ನಿಂತಿತ್ತು.

ಹೆಸರಿನ ಗೊಂದಲವನ್ನೂ ಈಗಲೇ ಬಗೆಹರಿಸಿಕೊಳ್ಳೋಣ. ಈ ‘ಮಾಯಾ’ಕ್ಕೂ ನಮ್ಮ ‘ಮಾಯೆ’ಗೂ, ಪಾಂಡವರಿಗೆ ಸಭಾಭವನ ಕಟ್ಟಿಕೊಟ್ಟ ಮಯನಿಗೂ ಏನೂ ಸಂಬಂಧವಿಲ್ಲ. ಉಚ್ಚಾರ ಹತ್ತಿರ ಇರುವುದು ಕಾಕತಾಳೀಯ. ಯುಕಾತಾನ್ ಪ್ರದೇಶದ ಜನ ಇಂದಿಗೂ ತಮ್ಮ ಮಾತನ್ನು ‘ಮಾಯಾ’ ಎಂದೇ ಕರೆಯುತ್ತಾರೆ. ಅದರ ಬಳಗದ ಸುಮಾರು 30 ಭಾಷೆಗಳನ್ನಾಡುವ ಹತ್ತಾರು ಲಕ್ಷ ಜನ ಈಗಲೂ ಅಲ್ಲೇ ಇದ್ದಾರೆ. ‘ಮಾಯಾ ಜನ ಮಾಯವಾದರು’ ಎಂಬ ಸಾಲು ಕೇಳಲು ಚೆನ್ನಾಗಿದೆ, ಆದರೆ ತಪ್ಪು. ಅನ್ಯಗ್ರಹದವರು ಬಂದು ಕಟ್ಟಿದರು ಎಂಬ ಕಥೆಗಂತೂ ಈ ಲೇಖನದಲ್ಲಿ ಜಾಗವಿಲ್ಲ. ಕಟ್ಟಿದವರ ಉಪಕರಣ, ಕಲ್ಲು ಕಿತ್ತ ಗಣಿ, ಅರ್ಧಕ್ಕೆ ಬಿಟ್ಟ ಕಲ್ಲು ಎಲ್ಲವೂ ನೆಲದಲ್ಲೇ ಸಿಕ್ಕಿವೆ.

ಬೇಕಾಗುವ ಸಾಮಾನು

ನೀವೇ ಮಾಯಾ ಮೇಸ್ತ್ರಿ ಎಂದುಕೊಳ್ಳಿ. ನಿಮ್ಮ ಕೈಗೆ ಸಿಗುವುದು ಇಷ್ಟು:

- ಸುಣ್ಣದಕಲ್ಲು. ಕಾಲಡಿಯಲ್ಲೇ ಇದೆ, ಬೇಕಾದಷ್ಟಿದೆ.
- ಚಕಮಕಿ ಕಲ್ಲು. ಸುಣ್ಣದಕಲ್ಲಿನ ಪದರದೊಳಗೆ ಗಡ್ಡೆ ಗಡ್ಡೆಯಾಗಿ ಸಿಗುವ ಗಟ್ಟಿ ಕಲ್ಲು. ಇದನ್ನು ಚಕ್ಕೆ ಎಬ್ಬಿಸಿ ಕೊಡಲಿ, ಗುದ್ದಲಿ, ಉಳಿ ಮಾಡಿಕೊಳ್ಳುತ್ತಾರೆ. ಗಣಿಯೂ ಅದೇ, ಉಪಕರಣದ ಅಂಗಡಿಯೂ ಅದೇ.
- ಮರದ ಸನ್ನೆಗೋಲು, ಹಗ್ಗ, ಬುಟ್ಟಿ, ಹೊರೆಪಟ್ಟಿ.
- ಸಸ್ಕಾಬ್. ಸುಣ್ಣದಕಲ್ಲಿನ ಗಟ್ಟಿ ಪದರದ ಕೆಳಗೆ ಸಿಗುವ ಪುಡಿಪುಡಿ ಬಿಳಿ ಮಣ್ಣು. ನಾವು ಗಾರೆಗೆ ಮರಳು ಬೆರೆಸುವಂತೆ ಅವರು ಇದನ್ನು ಬೆರೆಸುತ್ತಿದ್ದರು.
- ಸೌದೆ. ಎಷ್ಟಿದ್ದರೂ ಸಾಲದು. ಯಾಕೆಂದು ನಾಲ್ಕನೇ ಹಂತದಲ್ಲಿ ನೋಡೋಣ.
- ನೀರು, ಮತ್ತು ಜನ.

ಇನ್ನೊಂದು ಎಚ್ಚರಿಕೆ. ‘ಅಬ್ಸಿಡಿಯನ್ ಉಳಿಯಿಂದ ಕಲ್ಲು ಕಡಿದರು’ ಎಂದು ಹಲವರು ಬರೆಯುತ್ತಾರೆ. ಅಬ್ಸಿಡಿಯನ್ ಎಂದರೆ ಜ್ವಾಲಾಮುಖಿಯಿಂದ ಹುಟ್ಟಿದ ಕಪ್ಪು ಗಾಜು. ಬ್ಲೇಡಿಗಿಂತ ಹರಿತ ನಿಜ, ಆದರೆ ಗಾಜು ಗಾಜೇ. ಕಲ್ಲಿಗೆ ಬಡಿದರೆ ಚೂರಾಗುತ್ತದೆ. ಅದು ಚಾಕು, ಈಟಿಮೊನೆಗೆ ಸರಿ, ಗಣಿ ಕೆಲಸಕ್ಕಲ್ಲ.

ಹಂತ 1: ಜಾಗ, ದಿಕ್ಕು, ಕಾಲ

ಜಾಗವನ್ನು ಅರಸ ಮತ್ತು ಪುರೋಹಿತರು ಗೊತ್ತು ಮಾಡುತ್ತಾರೆ. ಸೂರ್ಯ ವರ್ಷದುದ್ದಕ್ಕೂ ಎಲ್ಲಿ ಹುಟ್ಟಿ ಎಲ್ಲಿ ಮುಳುಗುತ್ತಾನೆ ಎಂದು ಲೆಕ್ಕ ಇಟ್ಟವರು ಅವರು. ಮೆಕ್ಸಿಕೊದ ಚಿಚೆನ್ ಇಟ್ಜಾ ನಗರದ ‘ಎಲ್ ಕಾಸ್ಟಿಯೊ’ ಪಿರಮಿಡ್‌ನಲ್ಲಿ ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳ ಸಮರಾತ್ರಿಯ ದಿನಗಳ ಆಸುಪಾಸಿನಲ್ಲಿ, ಸಂಜೆಯ ಹೊತ್ತು, ಅಟ್ಟಗಳ (ಒಂದರ ಮೇಲೊಂದು ಮೆಟ್ಟಿಲಿನಂತೆ ನಿಂತ ಹಂತಗಳ) ಅಂಚಿನ ನೆರಳು ಉತ್ತರದ ಮೆಟ್ಟಿಲಿನ ಪಕ್ಕದ ಗೋಡೆಯ ಮೇಲೆ ಹಾವಿನಂತೆ ಡೊಂಕುಡೊಂಕಾಗಿ ಬೀಳುತ್ತದೆ. ಕೆಳಗೆ ಕಲ್ಲಿನ ಹಾವಿನ ತಲೆಯೂ ಇದೆ. ಸಮರಾತ್ರಿ ಎಂದರೆ ಹಗಲು-ಇರುಳು ಸಮವಾಗಿರುವ ದಿನ.

ಇರುವ ಗುಡ್ಡ ಬಳಸಿಕೊಂಡರೆ ಕೆಲಸ ಉಳಿಯುತ್ತದೆ. ಮೆಕ್ಸಿಕೊದ ಪಲೆಂಕೆ ನಗರದ ‘ಶಾಸನಗಳ ದೇಗುಲ’ ಎಂಬ ಪಿರಮಿಡ್ಡಿನ ಬೆನ್ನು ಬೆಟ್ಟಕ್ಕೆ ಒರಗಿದೆ, ಹಿಂಬದಿಗೆ ತುಂಬಬೇಕಾದ ಕಲ್ಲುಮಣ್ಣು ಅಷ್ಟರಮಟ್ಟಿಗೆ ಕಡಿಮೆ.

ಕಾಲವೂ ಮುಖ್ಯ. ಅಲ್ಲಿ ಸುಮಾರು ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಮಳೆ. ಆಗ ಎಲ್ಲರೂ ಮೆಕ್ಕೆಜೋಳದ ಹೊಲದಲ್ಲಿರುತ್ತಾರೆ. ಕಟ್ಟಡದ ಭಾರಿ ಕೆಲಸಕ್ಕೆ ಬೇಸಾಯ ಬಿಡುವಾದ, ಮಳೆಯಿಲ್ಲದ ತಿಂಗಳುಗಳೇ ಅನುಕೂಲ.

ಹಂತ 2: ನೆಲದಡಿಯ ಕೆಲಸ ಮೊದಲು

ಪಿರಮಿಡ್ ಅರಸನ ಸಮಾಧಿಯೂ ಆಗಬೇಕಿದ್ದರೆ ಸಮಾಧಿ ಮೊದಲು, ಪಿರಮಿಡ್ ಆಮೇಲೆ. ಈ ಕ್ರಮ ತಪ್ಪಿದರೆ ಸರಿಪಡಿಸಲು ಆಗದು.

ಪಲೆಂಕೆಯ ಅದೇ ಶಾಸನಗಳ ದೇಗುಲದಲ್ಲಿ, ಕ್ರಿ.ಶ. 683ರಲ್ಲಿ ತೀರಿಕೊಂಡ ಅರಸ ಪಾಕಾಲ್‌ನ ಕಲ್ಲಿನ ಶವಪೆಟ್ಟಿಗೆ ನೋಡಿ. ಅದರ ಮುಚ್ಚಳವೊಂದೇ ಸುಮಾರು 3.8 ಮೀಟರ್ ಉದ್ದ, ಹಲವು ಟನ್ ತೂಕ. ಮೇಲಿನ ಗುಡಿಯಿಂದ ಕೆಳಗೆ ಇಳಿಯುವ ಮೆಟ್ಟಿಲಿನ ದಾರಿಯಲ್ಲಿ ಅದು ಹಾಯಲು ಸಾಧ್ಯವೇ ಇಲ್ಲ. ಅಂದರೆ ಪೆಟ್ಟಿಗೆಯನ್ನು ಮೊದಲು ಇಟ್ಟು, ಅದರ ಸುತ್ತ ಕೋಣೆ ಕಟ್ಟಿ, ಕೋಣೆಯ ಮೇಲೆ ಪಿರಮಿಡ್ ಎಬ್ಬಿಸಿದ್ದಾರೆ. ಅಂತ್ಯಕ್ರಿಯೆ ಮುಗಿದ ಮೇಲೆ ಮೆಟ್ಟಿಲ ದಾರಿಗೆ ಕಲ್ಲುಮಣ್ಣು ತುಂಬಿದರು. ಪುರಾತತ್ವಜ್ಞ ಆಲ್ಬೆರ್ತೊ ರೂಸ್ ಅದನ್ನು ತೆಗೆಸಿ ಒಳಹೊಕ್ಕದ್ದು 1952ರಲ್ಲಿ. ತೆಗೆಯುವುದಕ್ಕೇ ವರ್ಷಗಳು ಬೇಕಾದವು.

ಸಮಾಧಿ ಇಲ್ಲದ ಪಿರಮಿಡ್‌ಗಳೂ ಎಷ್ಟೋ ಇವೆ. ಅವುಗಳ ಬುಡದಲ್ಲೂ ಹಸಿರು ಜೇಡ್ ಮಣಿ, ಸಮುದ್ರದ ಚಿಪ್ಪು, ಚಿತ್ರವಿಚಿತ್ರ ಆಕಾರದ ಚಕಮಕಿ ಕಲ್ಲು ಇಟ್ಟು ಹೂತಿರುವುದು ಸಿಗುತ್ತದೆ. ಪಾಯ ಪೂಜೆ ಎಂದುಕೊಂಡರೆ ನಿಮಗೆ ಬೇಗ ಅರ್ಥವಾದೀತು.

ಹಂತ 3: ಕಲ್ಲು ಕೀಳುವುದು

ಸುಣ್ಣದಕಲ್ಲಿನ ಒಂದು ಗುಣ ಮಾಯಾ ಜನರ ಕೈ ಹಿಡಿಯಿತು. ನೆಲದಿಂದ ಆಗಷ್ಟೇ ತೆಗೆದಾಗ ಅದರಲ್ಲಿ ತೇವ ಇರುತ್ತದೆ, ಮೆತ್ತಗಿರುತ್ತದೆ. ಗಾಳಿಗೆ ಬಿಟ್ಟು ಒಣಗಿದ ಹಾಗೆ ಹೊರಮೈ ಬಿಗಿಯುತ್ತದೆ. ಹಾಗಾಗಿ ಕಬ್ಬಿಣವಿಲ್ಲದೆ ಕಲ್ಲು ಕಡಿಯುವುದು ಕಷ್ಟವಾದರೂ ಅಸಾಧ್ಯವಲ್ಲ, ಹಸಿಯಾಗಿರುವಾಗಲೇ ಕಡಿದರೆ.

ಕೆಲಸ ಹೀಗೆ ಸಾಗುತ್ತದೆ. ಮೇಲಿನ ಮಣ್ಣು ಕೆರೆದು ಕಲ್ಲಿನ ಮೈ ಬಯಲು ಮಾಡಿ. ಬೇಕಾದ ಅಳತೆಗೆ ನಾಲ್ಕೂ ಕಡೆ ಚಕಮಕಿ ಕೊಡಲಿಯಿಂದ ಕಾಲುವೆ ತೋಡಿ. ಕಲ್ಲು ಪದರ ಪದರವಾಗಿರುವುದರಿಂದ ತಳದಲ್ಲಿ ಪದರದ ಸಂದು ಹುಡುಕಿ ಸನ್ನೆಗೋಲು ತೂರಿಸಿ ಎಬ್ಬಿಸಿ. ಆಮೇಲೆ ಅಲ್ಲೇ ಒರಟಾಗಿ ಚೌಕ ಮಾಡಿ. ಬೇಡದ ತೂಕವನ್ನು ಹೊತ್ತು ಏನು ಪ್ರಯೋಜನ?

ಒಂದು ಲೆಕ್ಕ. 50 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 20 ಸೆಂ.ಮೀ. ದಪ್ಪದ ಸುಣ್ಣದಕಲ್ಲು ಸುಮಾರು 65 ಕಿಲೊ ತೂಗುತ್ತದೆ. ಒಂದು ಸಿಮೆಂಟ್ ಮೂಟೆಗಿಂತ ಭಾರ.

ಕಡಿಯುವಾಗ ಉದುರಿದ ಚೂರನ್ನು ಎಸೆಯಬೇಡಿ. ಗೋಡೆಗೆ ಹೋಗುವ ಕಲ್ಲಿಗಿಂತ ಪಿರಮಿಡ್‌ನ ಹೊಟ್ಟೆಗೆ ಬೇಕಾದ ಚೂರೇ ಎಷ್ಟೋ ಪಾಲು ಹೆಚ್ಚು. ಗಣಿಯ ಗುಂಡಿಯೂ ವ್ಯರ್ಥವಲ್ಲ: ಗ್ವಾಟೆಮಾಲಾದ ಟಿಕಾಲ್ ನಗರದಲ್ಲಿ ಅಂಥ ತಗ್ಗುಗಳ ತಳಕ್ಕೆ ನೀರು ಇಂಗದಂತೆ ಗಿಲಾಯ ಹಾಕಿ ಕೆರೆ ಮಾಡಿಕೊಂಡರು. ಊರಿನ ಅಂಗಳಗಳನ್ನೂ ಮಳೆನೀರು ಆ ಕೆರೆಗಳಿಗೆ ಹರಿಯುವಂತೆ ತುಸು ಇಳಿಜಾರಾಗಿ ಕಟ್ಟಿದರು.

ಎಚ್ಚರ: ಕಲ್ಲು ನೆಲದಲ್ಲಿ ಹೇಗೆ ಮಲಗಿತ್ತೋ ಗೋಡೆಯಲ್ಲೂ ಹಾಗೇ ಮಲಗಿಸಬೇಕು. ಪದರ ನೆಟ್ಟಗೆ ನಿಲ್ಲುವಂತೆ ಇಟ್ಟರೆ ಮಳೆ-ಬಿಸಿಲಿಗೆ ಹಾಳೆ ಹಾಳೆಯಾಗಿ ಏಳುತ್ತದೆ.

ಹಂತ 4: ಸುಣ್ಣ ಸುಡುವುದು

ಇಡೀ ಕೆಲಸದ ಜೀವ ಇರುವುದು ಈ ಹಂತದಲ್ಲಿ. ಸುಣ್ಣ ಇಲ್ಲದಿದ್ದರೆ ಪಿರಮಿಡ್ ಬರೀ ಕಲ್ಲಿನ ರಾಶಿ, ನಾಲ್ಕು ಮಳೆಗಾಲಕ್ಕೆ ಕುಸಿಯುತ್ತದೆ.

ಮೊದಲು ಇದರ ರಸಾಯನಶಾಸ್ತ್ರ. ಸುಣ್ಣದಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದರೆ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಶುದ್ಧ ಕಲ್ಲು 100 ಕಿಲೊ ಸುಟ್ಟರೆ ಕೈಗೆ ಸಿಗುವುದು 56 ಕಿಲೊ. ಉಳಿದ 44 ಕಿಲೊ ಗಾಳಿಯ ಪಾಲು. ಈ ಸುಟ್ಟ ಸುಣ್ಣಕ್ಕೆ ನೀರು ಸೋಕಿದರೆ ಬುಸುಬುಸು ಎಂದು ಕಾದು, ಹಿಗ್ಗಿ, ಪುಡಿಯಾಗುತ್ತದೆ. ಸುಣ್ಣ ಅರಳುವುದು ಅಂತ ನಾವು ಹೇಳುವುದು ಇದಕ್ಕೇ. ಅಜ್ಜಿ ವೀಳ್ಯದೆಲೆಗೆ ಸವರುವುದೂ ಅರಳಿದ ಸುಣ್ಣವೇ. ಅದನ್ನು ಗಾರೆ ಮಾಡಿ ಗೋಡೆಗೆ ಬಳಿದಾಗ ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಕಲ್ಲು, ಪುಡಿ, ಮತ್ತೆ ಕಲ್ಲು. ಬೇಕಾದ ಆಕಾರಕ್ಕೆ ಕಲ್ಲನ್ನು ಬಳಿಯುವ ವಿದ್ಯೆ ಇದು.

ಮಾಯಾ ಹಳ್ಳಿಗಳಲ್ಲಿ ಇತ್ತೀಚಿನವರೆಗೂ ಉಳಿದುಬಂದ ಬಗೆ ಹೀಗಿದೆ. ಹಸಿ ಸೌದೆಯನ್ನು ದುಂಡಗೆ, ಆಳೆತ್ತರದ ಒಟ್ಟಲಾಗಿ ಬಿಗಿಯಾಗಿ ಜೋಡಿಸುತ್ತಾರೆ. ನಟ್ಟನಡುವೆ ಮೇಲಿಂದ ಕೆಳಗಿನವರೆಗೆ ಕೊಳವೆಯಂಥ ತೂತು ಬಿಡುತ್ತಾರೆ. ಒಟ್ಟಲಿನ ತಲೆಯ ಮೇಲೆ ಮುಷ್ಟಿ ಗಾತ್ರದ ಸುಣ್ಣದಕಲ್ಲಿನ ಚೂರು ಹರಡುತ್ತಾರೆ. ನಡುವಿನ ತೂತಿನಲ್ಲಿ ಬೆಂಕಿ ಇಡುತ್ತಾರೆ. ಬೆಂಕಿ ಒಳಗಿನಿಂದ ಹೊರಕ್ಕೆ ಹಬ್ಬುತ್ತ ಹೋಗಬೇಕು. ಒಣ ಸೌದೆಯಾದರೆ ಭಗ್ಗೆಂದು ಉರಿದು ಕಲ್ಲು ಬೇಯುವ ಮೊದಲೇ ಮುಗಿದುಹೋಗುತ್ತದೆ. ಹಸಿ ಸೌದೆಯೇ ಯಾಕೆ ಎಂಬ ಪ್ರಶ್ನೆಗೆ ಉತ್ತರ ಅದು. ಪೂರ್ತಿ ಉರಿಯಲು ಒಂದು ದಿನಕ್ಕೂ ಹೆಚ್ಚು ಹೊತ್ತು ಹಿಡಿಯುತ್ತದೆ. ಕೊನೆಗೆ ಬೂದಿಯ ಮೇಲೆ ಬಿಳಿ ದಿಬ್ಬ ಉಳಿಯುತ್ತದೆ. ಅದು ಗಾಳಿಯ ತೇವಕ್ಕೋ ಚಿಮುಕಿಸಿದ ನೀರಿಗೋ ಅರಳಿ ಹೂವಿನಂತೆ ಬಿರಿಯುತ್ತದೆ. ಕೆಲವು ಕಡೆ ನೆಲದಲ್ಲಿ ತೋಡಿದ ಗುಂಡಿಗೂಡುಗಳೂ ಸಿಕ್ಕಿವೆ.

ಎಲ್ಲಿ ಕೆಡುತ್ತದೆ?

ಚೂರು ತೀರಾ ದಪ್ಪವಾದರೆ ಹೊರಗೆ ಬೆಂದು ಒಳಗೆ ಹಸಿ ಕಲ್ಲು ಉಳಿಯುತ್ತದೆ. ಸುಡುವಾಗ ಮಳೆ ಬಂದರೆ ಅಷ್ಟೂ ಸೌದೆ, ಅಷ್ಟೂ ಕಲ್ಲು ದಂಡ. ಚೆನ್ನಾಗಿ ಅರಳದ ಸುಣ್ಣ ಬಳಿದರೆ ಗೋಡೆಯ ಮೇಲೇ ಅರಳಲು ಶುರುವಾಗಿ ಗಿಲಾಯ ಗುಳ್ಳೆ ಎದ್ದು ಉದುರುತ್ತದೆ. ನಮ್ಮೂರಿನ ಹಳೇ ಗಾರೆ ಮೇಸ್ತ್ರಿಗಳು ಸುಣ್ಣವನ್ನು ದಿನಗಟ್ಟಲೆ ನೀರಲ್ಲಿ ಕೊಳೆಹಾಕುತ್ತಿದ್ದುದೂ ಇದೇ ಕಾರಣಕ್ಕೆ.

ಅರಳಿದ ಸುಣ್ಣಕ್ಕೆ ಸಸ್ಕಾಬ್ ಬೆರೆಸಿದರೆ ಗಾರೆ. ಅದಕ್ಕೆ ಚುಕುಮ್ ಎಂಬ ಮರದ ತೊಗಟೆ ನೆನೆಸಿದ ನೀರನ್ನೂ ಹಾಕುವುದುಂಟು. ಗಾರೆ ಅಂಟುತ್ತದೆ, ಬಿರುಕು ಕಡಿಮೆ, ನೀರು ಬೇಗ ಇಳಿಯುವುದಿಲ್ಲ. ನಮ್ಮಲ್ಲಿ ಬೆಲ್ಲ, ಅಳಲೆಕಾಯಿ ನೆನೆಸಿದ ನೀರನ್ನು ಗಾರೆಗೆ ಸೇರಿಸುತ್ತಿದ್ದರಲ್ಲ, ಅದೇ ಬಗೆಯ ಜಾಣತನ. ಹೊಂಡುರಾಸ್‌ನ ಕೊಪಾನ್‌ನಲ್ಲಿ ಸಾವಿರ ವರ್ಷ ಮೀರಿದ ಗಿಲಾಯ ಇನ್ನೂ ಗಟ್ಟಿಯಾಗಿರುವುದಕ್ಕೆ ಇಂಥ ಮರದ ರಸವೇ ಕಾರಣವೆಂದು 2023ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು.

ಮನೆಯಲ್ಲಿ ಮಾಡಬೇಡಿ: ಸುಟ್ಟ ಸುಣ್ಣಕ್ಕೆ ನೀರು ಹಾಕುವುದು ಆಟದ ಪ್ರಯೋಗವಲ್ಲ. ಕುದಿಯುವಷ್ಟು ಕಾಯುತ್ತದೆ, ಸಿಡಿಯುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು.

ಹಂತ 5: ಹೊರುವುದು

ನಾವು ತಲೆಯ ಮೇಲೆ ಸಿಂಬೆ ಇಟ್ಟು ಹೊರುತ್ತೇವೆ. ಮಾಯಾ ಜನ ಹೊರೆಯನ್ನು ಬೆನ್ನಿಗೆ ಹಾಕಿಕೊಂಡು, ಅದಕ್ಕೆ ಕಟ್ಟಿದ ಅಗಲ ಪಟ್ಟಿಯನ್ನು ಹಣೆಗೆ ಕೊಟ್ಟು, ಮುಂದೆ ಬಾಗಿ ನಡೆಯುತ್ತಿದ್ದರು. ಈ ಪಟ್ಟಿಗೆ ‘ಮೆಕಪಾಲ್’ ಎನ್ನುತ್ತಾರೆ. ಗ್ವಾಟೆಮಾಲಾದ ಬೆಟ್ಟದ ಹಳ್ಳಿಗಳಲ್ಲಿ ಈಗಲೂ ನೋಡಬಹುದು. ಎರಡೂ ಕೈ ಬಿಡುವಾಗಿರುವುದರಿಂದ ಕಡಿದಾದ ಜಾಗದಲ್ಲಿ ಹಿಡಿದು ಹತ್ತಲು ಅನುಕೂಲ.

ಚಕ್ರ ಗೊತ್ತಿರಲಿಲ್ಲವೇ? ಆ ಸೀಮೆಯ ಪ್ರಾಚೀನ ಜನ ಚಕ್ರವಿರುವ ಮಣ್ಣಿನ ಆಟಿಕೆ ಮಾಡಿದ್ದಾರೆ. ಆದರೆ ಎಳೆಯಲು ಪ್ರಾಣಿ ಇಲ್ಲ, ನೆಲವೋ ಕಾಡು, ಕೆಸರು, ಏರು. ಅಲ್ಲಿ ಗಾಡಿಗಿಂತ ಬೆನ್ನೇ ವಾಸಿ.

ಈಗ ಪೆನ್ಸಿಲ್ ತೆಗೆದುಕೊಳ್ಳಿ. ತಳದಲ್ಲಿ 30 ಮೀಟರ್, ತಲೆಯಲ್ಲಿ 10 ಮೀಟರ್ ಚೌಕ, 15 ಮೀಟರ್ ಎತ್ತರದ ಒಂದು ಸಾಧಾರಣ ಪಿರಮಿಡ್ ಊಹಿಸಿಕೊಳ್ಳಿ. ಅದರ ಗಾತ್ರ 6,500 ಘನ ಮೀಟರ್. ಒಂದು ಘನ ಮೀಟರ್ ಕಲ್ಲುಮಣ್ಣಿಗೆ 1.6 ಟನ್ ಹಿಡಿದರೆ 10,400 ಟನ್. ಒಂದು ಹೊರೆಗೆ 30 ಕಿಲೊ ಎಂದರೆ ಸುಮಾರು 3,47,000 ಹೊರೆ. 200 ಜನ ದಿನಕ್ಕೆ ತಲಾ 10 ಹೊರೆ ಹಾಕಿದರೆ ದಿನಕ್ಕೆ 2,000. ಅಲ್ಲಿಗೆ 174 ದಿನ. ಒಂದು ಬೇಸಿಗೆ ಪೂರ್ತಿ ಬೇಕು, ಅದೂ ಬರೀ ಹೊರುವುದಕ್ಕೆ. ಗಣಿಯವರು, ಸುಣ್ಣದವರು, ಕಲ್ಲುಕುಟಿಗರು, ಇವರಿಗೆಲ್ಲ ಅಡುಗೆ ಮಾಡುವವರು ಬೇರೆ. ಪವಾಡವೇನೂ ಬೇಕಿಲ್ಲ, ಇಷ್ಟು ಜನರನ್ನು ಕೂಡಿಸಿ ಊಟ ಹಾಕಬಲ್ಲ ಅರಸ ಬೇಕು.

ಹಂತ 6: ಹೊಟ್ಟೆ ತುಂಬುವುದು

ಚೂರುಕಲ್ಲನ್ನು ಸುಮ್ಮನೆ ರಾಶಿ ಸುರಿದರೆ ಏನಾಗುತ್ತದೆ? ಜಲ್ಲಿ ಲಾರಿ ಸುರಿದ ರಾಶಿ ನೋಡಿದ್ದೀರಲ್ಲ, ಹಾಗೆ ಅಗಲಕ್ಕೆ ಜಾರುತ್ತದೆ. ಎತ್ತರ ಹೆಚ್ಚಿದಷ್ಟೂ ಪಕ್ಕಕ್ಕೆ ತಳ್ಳುವ ಒತ್ತಡ ಹೆಚ್ಚು. ಹೊರಗೋಡೆ ಉಬ್ಬಿ ಒಡೆಯುತ್ತದೆ.

ಅದಕ್ಕೆ ಮಾಯಾ ಮೇಸ್ತ್ರಿಗಳ ಉಪಾಯ ಗೂಡು. ಒರಟು ಕಲ್ಲಿನಿಂದ ಅಡ್ಡಡ್ಡ, ಉದ್ದುದ್ದ ಗೋಡೆ ಹಾಕಿ ತಳವನ್ನು ಚೌಕ ಚೌಕ ಕೋಣೆಗಳಾಗಿ ಒಡೆಯುವುದು, ಮೊಟ್ಟೆ ಇಡುವ ತಟ್ಟೆಯ ಹಾಗೆ. ಒಂದೊಂದು ಗೂಡಿಗೂ ದಪ್ಪ ಕಲ್ಲು, ಚೂರು, ಮಣ್ಣು, ಒಡೆದ ಮಡಕೆ ಎಲ್ಲ ಸುರಿದು, ಮಣ್ಣಿನ ಕೆಸರು ಅಥವಾ ಗಾರೆ ಹಾಕಿ ಬಿಗಿ ಮಾಡುವುದು. ಒತ್ತಡ ಗೂಡುಗೂಡಿಗೆ ಹಂಚಿಹೋಗುತ್ತದೆ, ಹೊರಗೋಡೆಯ ಮೇಲೆ ಒಮ್ಮೆಲೇ ಬೀಳುವುದಿಲ್ಲ. ಇನ್ನೊಂದು ಲಾಭ: ಒಂದೊಂದು ಗೂಡನ್ನು ಒಂದೊಂದು ತಂಡಕ್ಕೆ ವಹಿಸಬಹುದು.

ಒಂದು ಅಟ್ಟ ತುಂಬಿದ ಮೇಲೆ ಮೈಯನ್ನು ಮಟ್ಟ ಮಾಡಿ ಗಾರೆ ಹಾಸಿ, ಅಂಚಿನಿಂದ ಒಳಗೆ ಸರಿದು ಮುಂದಿನ ಅಟ್ಟ. ಮೆಟ್ಟಿಲು ಮೆಟ್ಟಿಲಾದ ಆಕಾರ ಬರೀ ಅಂದಕ್ಕಲ್ಲ. ಮೇಲಿನ ಪ್ರತಿ ಅಟ್ಟದ ಭಾರ ಕೆಳಗಿನದರ ನಡುಭಾಗದ ಮೇಲೆ ಕೂರುತ್ತದೆ, ಅಂಚು ಹಗುರವಾಗಿರುತ್ತದೆ. ಮುಗಿದ ಅಟ್ಟವೇ ಮುಂದಿನದಕ್ಕೆ ಅಟ್ಟಣಿಗೆ.

ಹಂತ 7: ಹೊರಗಲ್ಲು, ಮೆಟ್ಟಿಲು

ಕೆತ್ತಿದ ಕಲ್ಲುಗಳನ್ನು ಗಾರೆಯಲ್ಲಿ ಕೂರಿಸುತ್ತ, ಗೋಡೆಯನ್ನು ಸ್ವಲ್ಪ ಒಳಕ್ಕೆ ಒರಗಿಸುತ್ತ ಹೋಗಿ. ನೆಟ್ಟಗೆ ಕಟ್ಟಿದರೆ ಒಳಗಿನ ಒತ್ತಡಕ್ಕೆ ಹೊರಗೆ ವಾಲುತ್ತದೆ. ಕಲ್ಲಿನ ಮುಖ ಮಾತ್ರ ನಯವಾಗಿದ್ದು ಹಿಂಭಾಗ ಒಳಗಿನ ತುಂಬಿಗೆ ಚುಚ್ಚಿಕೊಳ್ಳುವಂತೆ ಉದ್ದವಾಗಿರಲಿ. ಹಲ್ಲು ವಸಡಿನಲ್ಲಿ ಕೂತ ಹಾಗೆ. ಬಾಲವಿಲ್ಲದ ತೆಳುಗಲ್ಲು ಗಾರೆ ಸಡಿಲವಾದ ದಿನವೇ ಕಳಚಿ ಬೀಳುತ್ತದೆ.

ಮೆಟ್ಟಿಲು ಬಲು ಕಡಿದು. ಎಲ್ ಕಾಸ್ಟಿಯೊದ ನಾಲ್ಕೂ ಕಡೆ 91ರಂತೆ 364 ಮೆಟ್ಟಿಲು; ಮೇಲಿನ ಗುಡಿಯ ಮೆಟ್ಟಿಲು ಸೇರಿದರೆ 365, ವರ್ಷದ ದಿನಗಳಷ್ಟು. ಈಗ ಪ್ರವಾಸಿಗರಿಗೆ ಅದನ್ನು ಹತ್ತಲು ಬಿಡುವುದಿಲ್ಲ. ಕೊಪಾನ್‌ನಲ್ಲಿ ಮೆಟ್ಟಿಲಿನ ಕಲ್ಲುಗಳ ಮೇಲೇ ಸುಮಾರು 2,200 ಚಿತ್ರಾಕ್ಷರ ಕೆತ್ತಿ ಅರಸು ಮನೆತನದ ಚರಿತ್ರೆ ಬರೆದಿದ್ದಾರೆ.

ಹಂತ 8: ತಲೆಯ ಮೇಲೊಂದು ಗುಡಿ

ಈಜಿಪ್ಟಿನ ಪಿರಮಿಡ್‌ಗೆ ಚೂಪು ತುದಿ. ಮಾಯಾ ಪಿರಮಿಡ್‌ಗೆ ಚಪ್ಪಟೆ ತಲೆ, ಅದರ ಮೇಲೆ ಗುಡಿ. ಪಿರಮಿಡ್ ಇರುವುದೇ ಆ ಗುಡಿಯನ್ನು ಎತ್ತಿ ಹಿಡಿಯಲು. ಒಳಗೆ ಕೋಣೆ ಇಕ್ಕಟ್ಟು, ಗೋಡೆ ದಪ್ಪ. ಕಾರಣ ಚಾವಣಿ.

ಮಾಯಾ ಜನರದು ಚಾಚುಗಲ್ಲಿನ ಕಮಾನು. ಎದುರುಬದುರಿನ ಎರಡು ಗೋಡೆಗಳ ಮೇಲಿನ ಸಾಲುಗಳನ್ನು ಒಂದಕ್ಕಿಂತ ಒಂದು ಸ್ವಲ್ಪ ಸ್ವಲ್ಪ ಒಳಗೆ ಚಾಚುತ್ತ ಹೋಗಿ, ಸಂದು ಒಂದು ಗೇಣಿನಷ್ಟಾದಾಗ ಮೇಲೊಂದು ಚಪ್ಪಡಿ ಮುಚ್ಚುವುದು. ಇದು ಯಾಕೆ ಬೀಳುವುದಿಲ್ಲ ಎಂದು ಬೆಂಕಿಪೊಟ್ಟಣದಲ್ಲಿ ನೋಡಬಹುದು. ಮೇಜಿನ ಅಂಚಿನಲ್ಲಿ ಐದು ಪೊಟ್ಟಣ ಒಂದರ ಮೇಲೊಂದು ಇಡಿ. ಎಲ್ಲಕ್ಕಿಂತ ಮೇಲಿನದನ್ನು ಅದರ ಉದ್ದದ ಅರ್ಧಕ್ಕಿಂತ ತುಸು ಕಡಿಮೆ ಮುಂದೆ ತಳ್ಳಿ, ಅದರ ಕೆಳಗಿನದನ್ನು ಮೇಲಿನದರ ಸಮೇತ ಕಾಲು ಭಾಗ, ಮೂರನೆಯದನ್ನು ಆರನೇ ಒಂದು, ನಾಲ್ಕನೆಯದನ್ನು ಎಂಟನೇ ಒಂದು, ಐದನೆಯದನ್ನು ಹತ್ತನೇ ಒಂದು. ಪ್ರತಿ ಸಲವೂ ಒಂದು ಕೂದಲೆಳೆ ಕಡಿಮೆಯೇ ಇರಲಿ. ಮೇಲಿನ ಪೊಟ್ಟಣ ಪೂರ್ತಿ ಮೇಜಿನ ಹೊರಗೆ ಗಾಳಿಯಲ್ಲಿ ನಿಲ್ಲುತ್ತದೆ! ಈಗ ಹಿಂಭಾಗದ ಮೇಲೆ ಒಂದು ನಾಣ್ಯ ಇಡಿ, ಇನ್ನೂ ಭದ್ರವಾಗುತ್ತದೆ. ಆ ನಾಣ್ಯವೇ ಮಾಯಾ ಗುಡಿಯ ದಪ್ಪ ಗೋಡೆ. ಹಿಂದಿನಿಂದ ಒತ್ತುವ ಭಾರ ಇಲ್ಲದೆ ಚಾಚಿದರೆ ಕಲ್ಲು ತಲೆಯ ಮೇಲೆ. ಕೋಣೆ ಅಗಲ ಮಾಡಿದಷ್ಟೂ ಅಪಾಯ ಹೆಚ್ಚು. ಅದಕ್ಕೇ ಹೆಚ್ಚಿನ ಕೋಣೆಗಳು ಓಣಿಯಂತೆ ಉದ್ದ, ಕಿರಿದು.

ಬಾಗಿಲ ಮೇಲಿನ ತೊಲೆಗೆ ಟಿಕಾಲ್‌ನವರು ಬಳಸಿದ್ದು ಯಾವ ಮರ ಗೊತ್ತೇ? ಸಪೋಟ. ನಾವು ತಿನ್ನುವ ಚಿಕ್ಕು ಹಣ್ಣಿನ ಮರವೇ! ಅದರ ತವರು ಮಾಯಾ ಸೀಮೆ, ‘ಸಪೋಟ’ ಎಂಬ ಹೆಸರೂ ಆ ಕಡೆಯಿಂದ ಬಂದದ್ದು, ಒಂದು ಕಾಲದಲ್ಲಿ ಚೂಯಿಂಗ್ ಗಮ್ ತಯಾರಾಗುತ್ತಿದ್ದುದೂ ಅದರ ಹಾಲಿನಿಂದ. ಮರ ಎಷ್ಟು ಗಟ್ಟಿ ಎಂದರೆ ಕ್ರಿ.ಶ. 8ನೇ ಶತಮಾನದ ಕೆತ್ತನೆಯ ತೊಲೆಗಳು ಗೆದ್ದಲು, ಮಳೆ ಎಲ್ಲ ತಡೆದು ಇಂದಿಗೂ ಉಳಿದಿವೆ. ಸುಮಾರು 65 ಮೀಟರ್ ಎತ್ತರದ, ‘ನಾಲ್ಕನೇ ದೇಗುಲ’ ಎಂದು ಕರೆಯುವ ಅಲ್ಲಿನ ಪಿರಮಿಡ್ಡಿನ ತೊಲೆಯೊಂದು ಈಗ ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದ ಮ್ಯೂಸಿಯಂನಲ್ಲಿದೆ.

ಗುಡಿಯ ನೆತ್ತಿಯ ಮೇಲೆ ಕೋಳಿಜುಟ್ಟಿನಂತೆ ಒಂದು ಎತ್ತರದ ಅಲಂಕಾರ ಗೋಡೆ ಎಬ್ಬಿಸುತ್ತಾರೆ. ಅದು ಗುಡಿಯ ಹಿಂಬದಿಯ ದಪ್ಪ ಗೋಡೆಯ ನೇರಕ್ಕೇ ಬರಬೇಕು, ಕಮಾನಿನ ನಡುವೆ ಬಂದರೆ ಚಾವಣಿ ತಾಳದು.

ಹಂತ 9: ಗಿಲಾಯ, ಬಣ್ಣ

ಇಡೀ ಪಿರಮಿಡ್‌ಗೆ ಗಾರೆಯ ಗಿಲಾಯ. ಸಂದುಗಳು ಮುಚ್ಚಿ ನೀರು ಒಳಗಿಳಿಯದಂತೆ ಕಾಯುವುದು ಇದೇ. ಬಿರುಕು ಕಂಡ ಕೂಡಲೇ ಮುಚ್ಚದಿದ್ದರೆ ಬೀಜ ಬಿದ್ದು ಗಿಡ ಹುಟ್ಟುತ್ತದೆ, ಬೇರು ಕಲ್ಲನ್ನು ಒಡೆಯುತ್ತದೆ. ಊರು ಬಿಟ್ಟ ಮೇಲೆ ಪಿರಮಿಡ್‌ಗಳು ಕಾಡು ಮುಚ್ಚಿದ ದಿಬ್ಬವಾದದ್ದು ಹೀಗೆಯೇ.

ಗಿಲಾಯದ ಮೇಲೆ ಬಣ್ಣ. ಇಂದು ಬೂದು ಬಣ್ಣಕ್ಕೆ ತಿರುಗಿ ನಿಂತಿರುವ ಎಷ್ಟೋ ಪಿರಮಿಡ್‌ಗಳು ಅಂದು ಕಡುಗೆಂಪಾಗಿದ್ದವು. ಕೆಂಪು ಬರುವುದು ಕಬ್ಬಿಣದ ಅಂಶವಿರುವ ಹೆಮಟೈಟ್ ಕಲ್ಲಿನ ಪುಡಿಯಿಂದ. ಭಿತ್ತಿಚಿತ್ರ, ಮಡಕೆಗಳಿಗೆ ಹಚ್ಚುತ್ತಿದ್ದ ‘ಮಾಯಾ ನೀಲಿ’ ಇನ್ನೂ ಸೋಜಿಗದ್ದು: ನೀಲಿ ಗಿಡದ ಬಣ್ಣವನ್ನು ಪಾಲಿಗೋರ್ಸ್ಕೈಟ್ ಎಂಬ ಜೇಡಿಮಣ್ಣಿನ ಜತೆ ಕಾಯಿಸಿ ಮಾಡಿದ್ದು, ಸಾವಿರ ವರ್ಷವಾದರೂ ಮಾಸಿಲ್ಲ.

ಹಂತ 10: ಮುಗಿಯಿತು ಅನ್ನುವಾಗ ಮತ್ತೆ ಶುರು

ಹೊಸ ಅರಸ ಬಂದರೆ ಹೊಸ ಪಿರಮಿಡ್ ಬೇಕು. ಹಳೆಯದನ್ನು ಕೆಡವಿ ಸಾಗಿಸುವುದಕ್ಕಿಂತ ಅದರ ಮೇಲೇ ಕಟ್ಟುವುದು ಲೇಸು: ಒಳಗಿನ ತುಂಬು ಆಗಲೇ ಸಿದ್ಧ, ಜಾಗವೂ ಪವಿತ್ರ. ಹೀಗೆ ಈರುಳ್ಳಿಯಂತೆ ಪದರದ ಮೇಲೆ ಪದರ. ಮೆಕ್ಸಿಕೊದ ಉಷ್ಮಾಲ್‌ನ ‘ಮಾಂತ್ರಿಕನ ಪಿರಮಿಡ್’ ಅನ್ನು ಒಬ್ಬ ಕುಳ್ಳ ಒಂದೇ ರಾತ್ರಿಯಲ್ಲಿ ಕಟ್ಟಿದ ಎಂದು ಅಲ್ಲಿನ ಜನಪದ ಕಥೆ ಹೇಳುತ್ತದೆ. ಅಗೆದು ನೋಡಿದರೆ ಐದು ಸಲ ಕಟ್ಟಿದ ಗುರುತು.

ಕೊಪಾನ್‌ನಲ್ಲಿ ‘ರೊಸಲಿಲಾ’ ಎಂಬ ಕೆಂಪು ಗುಡಿಯನ್ನು ಒಡೆಯದೆ, ಬಿಳಿ ಗಿಲಾಯ ಬಳಿದು, ಕೋಣೆಗಳನ್ನು ಜೋಪಾನವಾಗಿ ತುಂಬಿ, ಮೇಲೆ ಹೊಸ ಪಿರಮಿಡ್ ಕಟ್ಟಿದರು. 1989ರಲ್ಲಿ ಸುರಂಗ ತೋಡುತ್ತ ಹೋದವರಿಗೆ ಗೋಡೆಯ ದೇವರ ಮುಖಗಳು ಬಣ್ಣದ ಸಮೇತ ಸಿಕ್ಕವು.

ಮಾದರಿ ಮಾಡುವವರಿಗೆ

ಎಲ್ ಕಾಸ್ಟಿಯೊ ಒಳ್ಳೆಯ ಆಯ್ಕೆ: ತಳ ಸುಮಾರು 55 ಮೀಟರ್ ಚೌಕ, 9 ಅಟ್ಟ, ಗುಡಿ ಬಿಟ್ಟು 24 ಮೀಟರ್, ಗುಡಿ ಸೇರಿ 30. 12 ಮಿ.ಮೀ. ದಪ್ಪದ ಥರ್ಮೋಕೋಲ್ ಹಾಳೆಯಲ್ಲಿ 25, 23, 21, 19, 17, 15, 13, 11, 9 ಸೆಂ.ಮೀ. ಚೌಕಗಳನ್ನು ಕತ್ತರಿಸಿ. ಒಂದರ ನಡುವೆ ಒಂದು ಅಂಟಿಸಿದರೆ ಎತ್ತರ 10.8 ಸೆಂ.ಮೀ. ಬರುತ್ತದೆ, ಪ್ರಮಾಣ ಸರಿಹೋಗುತ್ತದೆ. ಗುಡಿಗೆ 2.7 ಸೆಂ.ಮೀ. ಎತ್ತರ ಸಾಕು. ಘಾಟು ವಾಸನೆಯ ರಬ್ಬರ್ ಅಂಟು ಬೇಡ, ಅದು ಥರ್ಮೋಕೋಲನ್ನೇ ಕರಗಿಸುತ್ತದೆ. ನೀರಿನಲ್ಲಿ ತೊಳೆಯಬಹುದಾದ ಬಿಳಿ ಅಂಟು ಹಾಕಿ ರಾತ್ರಿಯಿಡೀ ಭಾರ ಇಡಿ.

91 ಮೆಟ್ಟಿಲು ಕತ್ತರಿಸಲು ಹೋಗಬೇಡಿ. ರಟ್ಟಿನ ಪೆಟ್ಟಿಗೆಯ ಮೇಲ್ಪದರವನ್ನು ಒದ್ದೆ ಮಾಡಿ ಸುಲಿದರೆ ಒಳಗಿನ ಗೆರೆಗೆರೆ ಕಾಣುತ್ತದೆ. ಅದನ್ನೇ 4 ಸೆಂ.ಮೀ. ಅಗಲ, 15 ಸೆಂ.ಮೀ. ಉದ್ದದ ನಾಲ್ಕು ಪಟ್ಟಿ ಮಾಡಿ, ಗೆರೆ ಅಡ್ಡ ಬರುವಂತೆ ಒರಗಿಸಿ ಅಂಟಿಸಿ. ಪಟ್ಟಿಯ ಬುಡ ತಳದಿಂದ ಸುಮಾರು 2.5 ಸೆಂ.ಮೀ. ಹೊರಗೆ ಚಾಚಿದರೆ ಗಾಬರಿಯಾಗಬೇಡಿ, ನಿಜವಾದದ್ದರಲ್ಲೂ ಮೆಟ್ಟಿಲು ಹೊರಗೇ ಚಾಚಿದೆ.

ಸಮಯವಿದ್ದರೆ ಮಾದರಿಯನ್ನು ನಡುವೆ ಸೀಳಿ ಅರ್ಧ ಮಾತ್ರ ಇಡಿ. ಸೀಳಿದ ಮುಖಕ್ಕೆ ಬಿಳಿ ಹಾಳೆ ಅಂಟಿಸಿ ಒಳಗಿನ ಪಿರಮಿಡ್‌ಗಳನ್ನು ಬರೆಯಿರಿ. ಹೊರಗಿನದರೊಳಗೆ ಸುಮಾರು 20 ಮೀಟರಿನ ಒಂದಿದೆ, 1930ರ ದಶಕದಲ್ಲಿ ಸಿಕ್ಕದ್ದು; ನಿಮ್ಮ ಅಳತೆಗೆ 9 ಸೆಂ.ಮೀ. ಅದರೊಳಗೆ ಸುಮಾರು 10 ಮೀಟರಿನ ಮತ್ತೊಂದಿದೆ ಎಂದು 2016ರಲ್ಲಿ, ನೆಲಕ್ಕೆ ವಿದ್ಯುತ್ ಹಾಯಿಸಿ ಅಳೆದು ಹೇಳಿದರು, ಅದು 4.5 ಸೆಂ.ಮೀ. ನಡುವಿನ ಪಿರಮಿಡ್‌ನ ತಲೆಯ ಮೇಲಿನ ಗುಡಿಯಲ್ಲಿ ಒಂದು ಪುಟ್ಟ ಕೆಂಪು ಜಾಗ್ವಾರ್ (ಚಿರತೆಯಂಥ ಕಾಡುಪ್ರಾಣಿ) ಬರೆಯಲು ಮರೆಯಬೇಡಿ, ಮೈಮೇಲಿನ ಚುಕ್ಕೆಗಳಿಗೆ ಹಸಿರು. ಹಸಿರು ಜೇಡ್ ಕೂರಿಸಿದ, ಜಾಗ್ವಾರ್ ಆಕಾರದ ಕಲ್ಲಿನ ಪೀಠ ಸಿಕ್ಕಿದ್ದು ಸರಿಯಾಗಿ ಅಲ್ಲೇ.